ಕುಂಬಳಕಾಯಿಯಿಂದ ಮೂತ್ರಪಿಂಡದವರೆಗೆ

ನೂರು ಜನರನ್ನು ಕೊಂದವನು ವೈದ್ಯ, ಸಾವಿರ ಜನರನ್ನು ಕೊಂದವನು ಮಹಾವೈದ್ಯ ಎಂಬ ಕುಹಕದ ಮಾತೊಂದು ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ವೈದ್ಯರನ್ನು ಕಂಡರಾಗದ ಯಾರೋ ಕಟ್ಟಿದ ಮಾತು ಎಂದು ನಕ್ಕು ಸುಮ್ಮನಾಗಬಹುದು. ಆದರೆ ಆ ನಗೆಯ ಹಿಂದೆ ಒಂದು ಗಂಭೀರ ಪ್ರಶ್ನೆ ಅಡಗಿದೆ. ಬಡಗಿ ಕೆಲಸ ಕಲಿಯುವಾಗ ಮರ ಹಾಳಾಗುತ್ತದೆ, ದರ್ಜಿ ಕಲಿಯುವಾಗ ಬಟ್ಟೆ ಹಾಳಾಗುತ್ತದೆ. ಶಸ್ತ್ರವೈದ್ಯ ಕಲಿಯುವಾಗ ಹಾಳಾಗುವುದು ಏನು? ಅವನ ಕೈಯ ಮೊದಲ ತಪ್ಪು ಯಾರ ಮೈಮೇಲೆ ಬೀಳಬೇಕು?

ಅಂಗಾಂಗ ಕಸಿಯ ವಿಷಯದಲ್ಲಿ ಈ ಪ್ರಶ್ನೆ ಇನ್ನಷ್ಟು ಚುಚ್ಚುತ್ತದೆ. ಭಾರತದಲ್ಲಿ ಕಸಿಯಾಗುವ ಮೂತ್ರಪಿಂಡಗಳಲ್ಲಿ ಹೆಚ್ಚಿನವು ಬದುಕಿರುವವರು ಕೊಟ್ಟವು. ಕೊಡುವವರು ಬಹುಮಟ್ಟಿಗೆ ಮನೆಯ ಹೆಂಗಸರು: ತಾಯಿ, ಹೆಂಡತಿ, ಅಕ್ಕ, ತಂಗಿ. ಅಂಥ ಒಂದು ಅಂಗವನ್ನು ರೋಗಿಯ ದೇಹಕ್ಕೆ ಜೋಡಿಸುವಾಗ ಹೊಲಿಗೆ ಸಡಿಲವಾದರೆ ನಷ್ಟ ಒಬ್ಬರಿಗಲ್ಲ, ಇಬ್ಬರಿಗೆ. ಇದು ಕೆಟ್ಟರೆ ಇನ್ನೊಂದನ್ನು ತರಿಸೋಣ ಎನ್ನುವ ಹಾಗಿಲ್ಲ. ಹಾಗೆಂದು ಹೊಸಬರ ಕೈಗೆ ಕತ್ತರಿಯನ್ನೇ ಕೊಡದಿದ್ದರೆ ಮುಂದಿನ ತಲೆಮಾರಿಗೆ ಶಸ್ತ್ರವೈದ್ಯರೇ ಇರುವುದಿಲ್ಲ.

ಈ ಇಕ್ಕಟ್ಟಿನಿಂದ ಪಾರಾಗಲು ಮನುಷ್ಯ ಕಂಡುಕೊಂಡ ದಾರಿ ಮಾದರಿಗಳದ್ದು. ದೇಹದ ಬದಲಿಗೆ ದೇಹದಂಥದ್ದೇ ಏನನ್ನಾದರೂ ಇಟ್ಟುಕೊಂಡು ಕೈ ಪಳಗಿಸಿಕೊಳ್ಳುವುದು. ಇಂದು ಕೋಟಿ ರೂಪಾಯಿಯ ಕಂಪ್ಯೂಟರ್ ಯಂತ್ರಗಳೂ ಈ ಕೆಲಸಕ್ಕೆ ಬಂದಿವೆ. ಆದರೆ ಚರಿತ್ರೆಯನ್ನು ನೋಡಿದರೆ, ಅಗ್ಗದ ವಸ್ತುಗಳೇ ಈ ವಿದ್ಯೆಯನ್ನು ಹೆಚ್ಚು ಸಾಕಿವೆ: ಕುಂಬಳಕಾಯಿ, ಮೇಣ, ಕಾಗದ, ರಬ್ಬರ್ ಕೈಗವಸು, ಕೋಳಿಯ ತೊಡೆ.

ಸುಶ್ರುತನ ತರಕಾರಿ ಬುಟ್ಟಿ

ಸುಶ್ರುತ ಸಂಹಿತೆ ಒಂದೇ ದಿನದಲ್ಲಿ, ಒಂದೇ ಕೈಯಿಂದ ಹುಟ್ಟಿದ ಗ್ರಂಥವಲ್ಲ. ಇಂದಿನ ರೂಪಕ್ಕೆ ಬರುವ ಮೊದಲು ಅದು ಹಲವು ಶತಮಾನಗಳ ಕಾಲ ಬೆಳೆಯಿತು. ಅದರ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯದ ಹೆಸರು 'ಯೋಗ್ಯಾಸೂತ್ರೀಯ'. ಯೋಗ್ಯಾ ಎಂದರೆ ಕೈಯ ಅಭ್ಯಾಸ. ಶಾಸ್ತ್ರವನ್ನೆಲ್ಲ ಓದಿ ಮುಗಿಸಿದವನಾದರೂ ಕೈಯಿಂದ ಮಾಡಿ ಕಲಿಯದಿದ್ದರೆ ಚಿಕಿತ್ಸೆಗೆ ಅನರ್ಹ ಎಂಬುದು ಅಲ್ಲಿನ ನಿಲುವು.

ಅಭ್ಯಾಸಕ್ಕೆ ಬೇಕಾದ ಸಾಮಗ್ರಿಗಳ ಪಟ್ಟಿ ನೋಡಿದರೆ ಯಾವುದೋ ಅಡಿಗೆಮನೆಗೆ ಹೊಕ್ಕಂತಾಗುತ್ತದೆ. ಕತ್ತರಿಸುವುದನ್ನು ಕಲಿಯಲು ಬೂದುಗುಂಬಳ, ಸೋರೆ, ಕಲ್ಲಂಗಡಿ, ಸೌತೆ. ಕೀವು ತುಂಬಿದ ಗಡ್ಡೆಯನ್ನು ಸೀಳುವುದನ್ನು ಕಲಿಯಲು ನೀರು ಅಥವಾ ಕೆಸರು ತುಂಬಿದ ಚರ್ಮದ ಚೀಲ. ಕೆರೆಯುವ ಕ್ರಿಯೆಗೆ ಕೂದಲು ಬಿಟ್ಟ ತೊಗಲು. ರಕ್ತನಾಳ ಚುಚ್ಚಲು ಸತ್ತ ಪ್ರಾಣಿಯ ನಾಳ ಅಥವಾ ತಾವರೆಯ ದಂಟು. ಗಾಯದ ಆಳ ಹುಡುಕಲು ಹುಳು ತಿಂದ ಮರ, ಬಿದಿರಿನ ಕೊಳವೆ, ಒಣಗಿದ ಸೋರೆಯ ಬಾಯಿ. ದೇಹದೊಳಗೆ ಸಿಕ್ಕಿಕೊಂಡದ್ದನ್ನು ಹೊರತೆಗೆಯಲು ಹಲಸು, ಬಿಲ್ವ, ತೊಂಡೆಹಣ್ಣುಗಳ ತಿರುಳಿನಿಂದ ಬೀಜ ಕೀಳುವುದು. ಹೊಲಿಗೆಗೆ ಬಟ್ಟೆಯ ಅಂಚು, ಮೆತ್ತನೆಯ ಚರ್ಮದ ಅಂಚು. ಪಟ್ಟಿ ಕಟ್ಟಲು ಬಟ್ಟೆ ತುಂಬಿ ಮಾಡಿದ ಆಳೆತ್ತರದ ಬೊಂಬೆ.

ಈ ಪಟ್ಟಿಯ ಹಿಂದಿರುವ ವಿಚಾರವನ್ನು ಗಮನಿಸಬೇಕು. ಇಡೀ ಮನುಷ್ಯನನ್ನು ಹೋಲುವ ಒಂದೇ ಮಾದರಿಯನ್ನು ಮಾಡುವ ಗೋಜಿಗೆ ಸಂಹಿತೆ ಹೋಗುವುದಿಲ್ಲ. ಚಿಕಿತ್ಸೆಯನ್ನು ಬಿಡಿ ಬಿಡಿ ಕ್ರಿಯೆಗಳಾಗಿ ಒಡೆದು, ಒಂದೊಂದಕ್ಕೂ ತಕ್ಕ ವಸ್ತುವನ್ನು ಹುಡುಕುತ್ತದೆ. ಹಲಸಿನ ಹಣ್ಣು ಯಾವ ದಿಕ್ಕಿನಿಂದಲೂ ಮನುಷ್ಯನಂತಿಲ್ಲ. ಆದರೆ ಜಾರುವ ತೊಳೆಯೊಳಗಿನ ಬೀಜವನ್ನು ಇಕ್ಕಳಕ್ಕೆ ಸಿಕ್ಕಿಸಿ ಎಳೆಯುವಾಗ ಕೈಗೆ ಆಗುವ ಅನುಭವ, ಮಾಂಸದೊಳಗಿನ ಬಾಣದ ಮೊನೆಯನ್ನು ಎಳೆಯುವ ಅನುಭವಕ್ಕೆ ಹತ್ತಿರವಾದದ್ದು. ಮಾದರಿ ಕಣ್ಣಿಗೆ ದೇಹದಂತೆ ಕಾಣಬೇಕಾಗಿಲ್ಲ, ಕೈಗೆ ದೇಹದಂತೆ ತೋರಿದರೆ ಸಾಕು. ಮುಂದಿನ ಎಲ್ಲ ಮಾದರಿಗಳಿಗೂ ಈ ಒಂದು ಸೂತ್ರವೇ ಆಧಾರ.

ಮೇಣದ ಮೂಗು

ಕಸಿಯ ಬೀಜವೂ ಅದೇ ಸಂಹಿತೆಯಲ್ಲಿದೆ. ಹರಿದ ಕಿವಿಯ ಹಾಲೆಯನ್ನು ಕೂಡಿಸುವುದು, ಕತ್ತರಿಸಿಹೋದ ಮೂಗನ್ನು ಕೆನ್ನೆಯ ಚರ್ಮದಿಂದ ಮತ್ತೆ ಕಟ್ಟುವುದು ಅಲ್ಲಿ ವಿವರವಾಗಿ ಬಂದಿದೆ. ಮೂಗಿನ ಅಳತೆಗೆ ಒಂದು ಎಲೆಯನ್ನು ಕತ್ತರಿಸಿಕೊಂಡು, ಅದನ್ನು ಇಟ್ಟು ಚರ್ಮವನ್ನು ಬಿಡಿಸಿಕೊಳ್ಳಬೇಕು ಎನ್ನುತ್ತದೆ ಗ್ರಂಥ. ದರ್ಜಿ ಬಟ್ಟೆ ಕತ್ತರಿಸುವ ಮೊದಲು ಕಾಗದದಲ್ಲಿ ಅಳತೆ ತೆಗೆದುಕೊಳ್ಳುವಂತೆಯೇ ಇದು.

ಈ ವಿದ್ಯೆ ಜಗತ್ತಿನ ಕಣ್ಣಿಗೆ ಬಿದ್ದ ಪ್ರಸಂಗಕ್ಕೂ ಕರ್ನಾಟಕದ ಚರಿತ್ರೆಗೂ ನಂಟಿದೆ. 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದದೊಂದಿಗೆ ಮುಗಿದ ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತುಗಳನ್ನು ಹೊಡೆಯುತ್ತಿದ್ದ ಕವಾಸ್‌ಜಿ ಎಂಬ ಮರಾಠಿಗ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಸುಮಾರು ಒಂದು ವರ್ಷ ಮೂಗಿಲ್ಲದೆ ಬದುಕಿದ ಅವನಿಗೆ ಪುಣೆಯ ಬಳಿ ಒಬ್ಬ ದೇಶೀಯ ಶಸ್ತ್ರವೈದ್ಯ ಹೊಸ ಮೂಗು ಕಟ್ಟಿಕೊಟ್ಟ. ಇಬ್ಬರು ಇಂಗ್ಲಿಷ್ ವೈದ್ಯರು ಅದನ್ನು ಕಣ್ಣಾರೆ ಕಂಡರು. ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್' ಪತ್ರಿಕೆಯ 1794ರ ಅಕ್ಟೋಬರ್ ಸಂಚಿಕೆಯಲ್ಲಿ ಚಿತ್ರಸಮೇತ ವರದಿ ಬಂತು.

ವರದಿಯಲ್ಲಿ ನಮ್ಮ ವಿಷಯಕ್ಕೆ ಸಂಬಂಧಿಸಿದ ಒಂದು ವಿವರವಿದೆ. ಶಸ್ತ್ರವೈದ್ಯ ಮೊದಲು ತೆಳುವಾದ ಮೇಣದ ಹಾಳೆಯನ್ನು ಮೂಗಿನ ಬುಡಕ್ಕೆ ಒತ್ತಿ, ಸರಿಯಾದ ಮೂಗಿನ ಆಕಾರ ಬರುವಂತೆ ತಿದ್ದಿದ. ಅನಂತರ ಆ ಮೇಣದ ಮೂಗನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆದ. ಗೆರೆಯ ಗುಂಟ ಚರ್ಮವನ್ನು ಬಿಡಿಸಿ, ಎರಡು ಕಣ್ಣುಗಳ ನಡುವಿನ ಭಾಗವನ್ನು ಮಾತ್ರ ಅಂಟಿಕೊಂಡಿರುವಂತೆ ಬಿಟ್ಟು, ಹೊರಳಿಸಿ ಕೆಳಕ್ಕೆ ತಂದು ಕೂರಿಸಿದ. ಹೊಸ ಜಾಗದಿಂದ ರಕ್ತ ಹರಿಯತೊಡಗಿದ ಮೇಲೆ, ಸುಮಾರು ಇಪ್ಪತ್ತೈದನೆಯ ದಿನ, ಆ ಸೇತುವೆಯನ್ನು ಕಡಿದ. ಹಣೆಯ ಚರ್ಮ ಒಂದೇ ಸಲ ಸಿಗುವ ಸಾಮಗ್ರಿ. ಮೇಣವನ್ನಾದರೆ ಎಷ್ಟು ಸಲ ಬೇಕಾದರೂ ತಿದ್ದಬಹುದು. ತಪ್ಪುಗಳೆಲ್ಲ ಮೇಣದಲ್ಲಿಯೇ ಮುಗಿದುಹೋದವು.

ಆ ಶಸ್ತ್ರವೈದ್ಯ ಇಟ್ಟಿಗೆ ಮಾಡುವ ಕುಲದವನು ಎಂದು ವರದಿ ಹೇಳುತ್ತದೆ. ಮಣ್ಣನ್ನು ಅಚ್ಚಿಗೆ ಹಾಕುವ ಕುಲದ ಕೈ ಮೇಣದ ಮೂಗನ್ನು ರೂಪಿಸಿತು. ಅಷ್ಟು ಹೊತ್ತಿಗೆ ನಮ್ಮ ದೇಶದಲ್ಲಿ ಸಂಹಿತೆ ಪಂಡಿತರ ಬಾಯಲ್ಲಿ ಉಳಿದು, ಶಸ್ತ್ರ ಬೇರೆಯವರ ಕೈಗೆ ಹೋಗಿತ್ತು. ಕೈಯಿಲ್ಲದ ಶಾಸ್ತ್ರವನ್ನು ಒಪ್ಪದ ಯೋಗ್ಯಾಸೂತ್ರೀಯವನ್ನೂ ಹಲವರು ಬರೇ ಕಂಠಪಾಠ ಮಾಡಿಕೊಂಡಿದ್ದರು ಎಂಬುದು ನಮ್ಮ ವಿದ್ಯಾಚರಿತ್ರೆಯ ವಿಪರ್ಯಾಸ. ಪುಣೆಯ ಈ ವಿಧಾನವನ್ನು ಲಂಡನ್ನಿನ ಜೋಸೆಫ್ ಕಾರ್ಪ್ಯೂ 1814ರಲ್ಲಿ ತನ್ನ ರೋಗಿಯೊಬ್ಬನ ಮೇಲೆ ಮಾಡಿ ಗೆದ್ದ. 1816ರಲ್ಲಿ ಅದರ ಬಗ್ಗೆ ಪುಸ್ತಕ ಬರೆದ. ಯುರೋಪಿನ ಪ್ಲಾಸ್ಟಿಕ್ ಸರ್ಜರಿಗೆ ಹೊಸ ಜೀವ ಬಂತು.

ಕಸೂತಿ ಕಲಿತ ಶಸ್ತ್ರವೈದ್ಯ

ಪುಣೆಯಲ್ಲಿ ಸ್ಥಳ ಬದಲಿಸಿದ್ದು ರೋಗಿಯದೇ ಚರ್ಮ. ಅದರ ರಕ್ತದ ಹರಿವು ಕೆಲವು ದಿನ ಹಳೆಯ ಬೇರಿನಿಂದಲೇ ನಡೆಯಿತು. ಒಬ್ಬರ ಇಡೀ ಅಂಗವನ್ನು ಇನ್ನೊಬ್ಬರಿಗೆ ಕೊಡಬೇಕಾದರೆ ಆ ಅನುಕೂಲ ಇರುವುದಿಲ್ಲ. ಕತ್ತರಿಸಿದ ರಕ್ತನಾಳಗಳ ಬಾಯಿಗೆ ಬಾಯಿ ಕೂಡಿಸಿ, ಕೂಡಲೇ ರಕ್ತ ಹರಿಸಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಇದು ನೆಚ್ಚಿಕೆಯಿಂದ ಮಾಡಬಹುದಾದ ಕೆಲಸವಾಗಿರಲಿಲ್ಲ.

1894ರ ಜೂನ್ 24ರಂದು ಫ್ರಾನ್ಸಿನ ಅಧ್ಯಕ್ಷ ಸಾದಿ ಕಾರ್ನೋ ಲಿಯಾಂ ನಗರದಲ್ಲಿ ಹಂತಕನ ಚೂರಿಗೆ ಸಿಕ್ಕಿದರು. ಯಕೃತ್ತಿಗೆ ಹೋಗುವ ದೊಡ್ಡ ರಕ್ತನಾಳ ಕತ್ತರಿಸಿತ್ತು. ದೇಶದ ಅಧ್ಯಕ್ಷನಾದರೂ ವೈದ್ಯರು ಕೈಕಟ್ಟಿ ನಿಲ್ಲಬೇಕಾಯಿತು. ಅದೇ ಊರಿನ ತರುಣ ಅಲೆಕ್ಸಿ ಕರೆಲ್‌ಗೆ ಇದು ತಲೆ ಕೊರೆಯಿತು. ಬಟ್ಟೆಯನ್ನು ಹೊಲಿಯಬಹುದಾದರೆ ರಕ್ತನಾಳವನ್ನೇಕೆ ಹೊಲಿಯಬಾರದು?

ತೊಡಕು ಎಲ್ಲಿತ್ತೆಂದರೆ, ನಾಳದ ಒಳಮೈ ಅತಿ ನುಣುಪು. ಅಲ್ಲಿ ದಾರದ ಒರಟು ಅಥವಾ ಅಂಚಿನ ಮಡಿಕೆ ಸಿಕ್ಕಿದರೆ ರಕ್ತ ಅಲ್ಲಿಯೇ ಹೆಪ್ಪುಗಟ್ಟಿ ದಾರಿ ಮುಚ್ಚಿಹೋಗುತ್ತದೆ. ಲಿಯಾಂ ರೇಷ್ಮೆಗೂ ಕಸೂತಿಗೂ ಹೆಸರಾದ ಊರು. ಕರೆಲ್ ಅಲ್ಲಿನ ಮದಾಮ್ ಲೆರೂದಿಯೆ ಎಂಬ ಕಸೂತಿ ಕಲಾವಿದೆಯ ಬಳಿ ಹೋಗಿ ಸೂಜಿ ಹಿಡಿಯುವುದನ್ನು ಕಲಿತ. ಅತಿ ಸಣ್ಣ ಸೂಜಿ, ಎಳೆ ರೇಷ್ಮೆ ದಾರ ಹಿಡಿದು ಕಾಗದದ ಮೇಲೆ ಹೊಲಿಗೆಯ ಅಭ್ಯಾಸ ಮಾಡಿದ. ನಮ್ಮ ಧಾರವಾಡ ಸೀಮೆಯ ಕಸೂತಿಯಲ್ಲಿ ಗವಂತಿ, ಮುರ್ಗಿ ಹೊಲಿಗೆಗಳು ಬಟ್ಟೆಯ ಹಿಂಬದಿಯಲ್ಲೂ ಮುಂಬದಿಯಷ್ಟೇ ಅಚ್ಚುಕಟ್ಟಾಗಿರುವುದನ್ನು ಬಲ್ಲವರಿಗೆ, ಒಳ್ಳೆಯ ಹೊಲಿಗೆ ಹಿಂಬದಿಯಲ್ಲಿ ಗೊತ್ತಾಗುತ್ತದೆ ಎಂಬುದನ್ನು ಹೇಳಬೇಕಾಗಿಲ್ಲ. ಕರೆಲ್‌ಗೆ ಬೇಕಾಗಿದ್ದುದೂ ಆ ಹಿಂಬದಿಯ ಎಚ್ಚರವೇ. ನಾಳದ ಒಳಮೈಯೇ ಅವನ ಬಟ್ಟೆಯ ಹಿಂಬದಿ.

ಅವನು ಕಂಡುಹಿಡಿದ ಉಪಾಯ ಸರಳ. ನಾಳದ ದುಂಡು ಬಾಯಿಗೆ ಮೂರು ಕಡೆ ಆಧಾರದ ಹೊಲಿಗೆ ಹಾಕಿ ಎಳೆದರೆ ದುಂಡು ತ್ರಿಕೋನವಾಗುತ್ತದೆ. ಬಾಗಿದ ಅಂಚಿಗಿಂತ ನೇರವಾದ ಅಂಚನ್ನು ಹೊಲಿಯುವುದು ಸುಲಭ. ಎದುರುಬದಿಯ ಗೋಡೆ ಸೂಜಿಗೆ ಸಿಕ್ಕಿಕೊಳ್ಳುವ ಭಯವೂ ಕಡಿಮೆ. 1902ರಲ್ಲಿ ಇದನ್ನು ಪ್ರಕಟಿಸಿದ ಕರೆಲ್, ಮುಂದೆ ಅಮೆರಿಕಕ್ಕೆ ಹೋಗಿ ಚಾರ್ಲ್ಸ್ ಗತ್ರಿಯೊಂದಿಗೆ ನಾಯಿಗಳಲ್ಲಿ ಮೂತ್ರಪಿಂಡ ಮೊದಲಾದ ಅಂಗಗಳ ಕಸಿ ಮಾಡಿದ. 1912ರಲ್ಲಿ ನೊಬೆಲ್ ಬಹುಮಾನ ಪಡೆದ. ಇಂದು ನಡೆಯುವ ಪ್ರತಿಯೊಂದು ಮೂತ್ರಪಿಂಡ, ಯಕೃತ್ತು, ಹೃದಯದ ಕಸಿಯೂ ಕಾಗದದ ಮೇಲೆ ಪಳಗಿದ ಆ ಹೊಲಿಗೆಗೆ ಋಣಿ.

ನಾಯಿ, ಇಲಿ, ರಬ್ಬರ್ ಕೈಗವಸು

1954ರ ಡಿಸೆಂಬರ್ 23ರಂದು ಬಾಸ್ಟನ್ನಿನಲ್ಲಿ ಜೋಸೆಫ್ ಮರ್ರೆ ಮತ್ತು ಸಂಗಡಿಗರು ರೊನಾಲ್ಡ್ ಹೆರಿಕ್‌ನ ಮೂತ್ರಪಿಂಡವನ್ನು ಅವನ ಅವಳಿ ಸೋದರ ರಿಚರ್ಡ್‌ಗೆ ಜೋಡಿಸಿದರು. ದೀರ್ಘಕಾಲ ಫಲ ಕೊಟ್ಟ ಮೊದಲ ಮೂತ್ರಪಿಂಡ ಕಸಿ ಅದು. ಅದಕ್ಕೆ ಮೊದಲು ಹಲವು ವರ್ಷ ಅದೇ ಕ್ರಮವನ್ನು ನಾಯಿಗಳ ಮೇಲೆ ಮಾಡಿ ನೋಡಲಾಗಿತ್ತು. ಭಾರತದಲ್ಲಿ 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಮೂತ್ರಪಿಂಡ ಕಸಿ ಯಶಸ್ವಿಯಾಯಿತು.

ಹೀಗೆ ಬಹುಕಾಲ ಕಲಿಕೆಯ ಭಾರವನ್ನು ಮೂಕಪ್ರಾಣಿಗಳು ಹೊತ್ತವು. ಆದರೆ ಎಲ್ಲ ಕಡೆಯೂ ಅದಕ್ಕೆ ಒಪ್ಪಿಗೆ ಇರಲಿಲ್ಲ. ಬ್ರಿಟನ್ನಿನ 1876ರ ಕಾಯಿದೆಯೊಂದು, ಬರೇ ಕೈಚಳಕ ಕಲಿಯುವುದಕ್ಕಾಗಿ ಜೀವಂತ ಪ್ರಾಣಿಗಳ ಮೇಲೆ ಶಸ್ತ್ರ ಪ್ರಯೋಗಿಸುವುದನ್ನು ನಿಷೇಧಿಸಿತು. ಸೂಕ್ಷ್ಮ ಶಸ್ತ್ರಚಿಕಿತ್ಸೆಯ ಅಭ್ಯಾಸಕ್ಕೆ ಮಾತ್ರ ಅಲ್ಲಿ ರಿಯಾಯಿತಿ ಸಿಕ್ಕಿದ್ದು 1986ರ ಕಾಯಿದೆಯಲ್ಲಿ. ಪ್ರಾಣಿಗಳನ್ನು ಸಾಕುವ, ಅರಿವಳಿಕೆ ಕೊಡುವ ಖರ್ಚೂ ಸಣ್ಣದಲ್ಲ. ದಯೆ ಮತ್ತು ದುಡ್ಡು ಎರಡೂ ಸೇರಿ ಬೇರೆ ದಾರಿ ಹುಡುಕಿಸಿದವು.

1960ರಲ್ಲಿ ಅಮೆರಿಕದ ಜೂಲಿಯಸ್ ಜೇಕಬ್‌ಸನ್, ಕಿವಿಯ ಶಸ್ತ್ರವೈದ್ಯರು ಬಳಸುತ್ತಿದ್ದ ಸೂಕ್ಷ್ಮದರ್ಶಕವನ್ನು ತಂದು ಅದರಡಿಯಲ್ಲಿ ಒಂದೆರಡು ಮಿಲಿಮೀಟರಿನ ರಕ್ತನಾಳಗಳನ್ನು ಹೊಲಿದು ತೋರಿಸಿದ. ಹೊಸ ಕೈಚಳಕಕ್ಕೆ ಹೊಸ ಪಾಠ ಬೇಕಾಯಿತು. ರಾಬರ್ಟ್ ಆಕ್ಲಂಡ್ ಬರೆದು 1980ರಲ್ಲಿ ಪ್ರಕಟವಾದ ಅಭ್ಯಾಸ ಪುಸ್ತಕ ಕಲಿಯುವವನನ್ನು ಮೊದಲು ಇಲಿಯ ಬಳಿಗಲ್ಲ, ತೆಳು ರಬ್ಬರ್ ಹಾಳೆಯ ಬಳಿಗೆ ಕರೆದೊಯ್ಯುತ್ತದೆ. ಹರಿದು ಎಸೆಯಬೇಕಾದ ಕೈಗವಸಿನ ಒಂದು ತುಂಡು ಸಾಕು. ಅದನ್ನು ಚೌಕಟ್ಟಿಗೆ ಬಿಗಿದು, ಸೀಳು ಮಾಡಿ, ಸೂಕ್ಷ್ಮದರ್ಶಕದಡಿ ಹೊಲಿಯಬೇಕು. ಹೊಲಿಗೆ ವಾರೆಯಾದರೆ ಸೀಳು ಬಾಯಿ ಬಿಡುತ್ತದೆ, ಬಿಗಿ ಹೆಚ್ಚಾದರೆ ರಬ್ಬರ್ ನಿರಿಗೆ ಕಟ್ಟುತ್ತದೆ. ಬಯ್ಯಲು ಗುರುವೇ ಬೇಕಾಗಿಲ್ಲ, ರಬ್ಬರೇ ತಪ್ಪನ್ನು ತೋರಿಸುತ್ತದೆ.

ಅದರ ಮುಂದಿನ ಮೆಟ್ಟಿಲು ಕೋಳಿ ಅಂಗಡಿಯಲ್ಲಿದೆ. ಕೋಳಿಯ ತೊಡೆ ಮತ್ತು ರೆಕ್ಕೆಯೊಳಗಿನ ರಕ್ತನಾಳ ಸೂಕ್ಷ್ಮ ಹೊಲಿಗೆಗೆ ಹೇಳಿ ಮಾಡಿಸಿದಂತಿದೆ. ನಾಳವನ್ನು ಬಿಡಿಸಿ, ಕತ್ತರಿಸಿ, ಮತ್ತೆ ಹೊಲಿದು, ಬಣ್ಣದ ನೀರನ್ನು ಹಾಯಿಸಿದರೆ ಎಲ್ಲಿ ಸೋರುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ. ಸತ್ತ ಪ್ರಾಣಿಯ ನಾಳ ಎಂದ ಸುಶ್ರುತನ ಪಟ್ಟಿಗೂ ಇದಕ್ಕೂ ಸೂಕ್ಷ್ಮದರ್ಶಕವೊಂದೇ ವ್ಯತ್ಯಾಸ.

ಬೇಸಿನ್ನಿನೊಳಗಿನ ಮೂತ್ರಪಿಂಡ

ಈಗ ಮೂತ್ರಪಿಂಡದ ಕಸಿಯನ್ನೇ ತೆಗೆದುಕೊಳ್ಳೋಣ. ರೋಗಿಯ ಹಳೆಯ ಮೂತ್ರಪಿಂಡಗಳನ್ನು ಸಾಮಾನ್ಯವಾಗಿ ಇದ್ದಲ್ಲಿಯೇ ಬಿಟ್ಟು, ಹೊಸದನ್ನು ಕಿಬ್ಬೊಟ್ಟೆಯ ಒಂದು ಬದಿಯಲ್ಲಿ ಇಡುತ್ತಾರೆ ಎಂಬುದು ಬಹಳ ಜನರಿಗೆ ತಿಳಿಯದು. ಅಲ್ಲಿ ಆಗಬೇಕಾದ ಜೋಡಣೆ ಮೂರು. ಹೊಸ ಅಂಗದ ಅಭಿಧಮನಿಯನ್ನು ಕಾಲಿನ ಕಡೆಯಿಂದ ರಕ್ತ ತರುವ ದೊಡ್ಡ ಅಭಿಧಮನಿಗೆ, ಅಪಧಮನಿಯನ್ನು ಪಕ್ಕದ ದೊಡ್ಡ ಅಪಧಮನಿಗೆ, ಮೂತ್ರನಾಳವನ್ನು ಮೂತ್ರಕೋಶಕ್ಕೆ. ಮಂಜಿನಲ್ಲಿಟ್ಟಿದ್ದ ಅಂಗ ಹೊರಬಂದ ಗಳಿಗೆಯಿಂದ ಬೆಚ್ಚಗಾಗತೊಡಗುತ್ತದೆ. ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು ಗಂಟೆಯೊಳಗೆ ಎರಡು ರಕ್ತನಾಳಗಳ ಹೊಲಿಗೆ ಮುಗಿಯಬೇಕು. ಅದೂ ಕೈ ಆಡಿಸಲು ಜಾಗವಿಲ್ಲದ ಆಳದಲ್ಲಿ.

ಸುಶ್ರುತನ ಸೂತ್ರವನ್ನು ಇಲ್ಲಿಗೆ ಹಚ್ಚಿದರೆ ಮಾದರಿಗೆ ಬೇಕಾದ ಗುಣಗಳು ನಾಲ್ಕೇ: ಆಳ, ಇಕ್ಕಟ್ಟು, ಮೆತ್ತನೆಯ ಗೋಡೆಯ ನಾಳ, ಗಡಿಯಾರ. ಆಳವಾದ ಪ್ಲಾಸ್ಟಿಕ್ ಬೇಸಿನ್ನನ್ನು ಕಿಬ್ಬೊಟ್ಟೆ ಎಂದುಕೊಳ್ಳಬಹುದು. ಅದರ ತಳದಲ್ಲಿ ಎರಡು ಮೆತ್ತನೆಯ ರಬ್ಬರ್ ಅಥವಾ ಸಿಲಿಕೋನ್ ಕೊಳವೆಗಳನ್ನು ಬಿಗಿದರೆ ದೊಡ್ಡ ರಕ್ತನಾಳಗಳಾದವು. ಮೂತ್ರಕೋಶಕ್ಕೆ ಬಲೂನು. ಮೂತ್ರಪಿಂಡಕ್ಕೆ ಕಸಾಯಿ ಅಂಗಡಿಯಿಂದ ನಾಳಸಮೇತ ತಂದ ಕುರಿಯ ಅಂಗ, ಇಲ್ಲವೇ ಅಚ್ಚಿನಲ್ಲಿ ಎರೆದ ಸಿಲಿಕೋನ್ ಅಂಗ.

ಹೊಲಿಗೆ ಮುಗಿದ ಮೇಲೆ ಪರೀಕ್ಷೆ. ಆಸ್ಪತ್ರೆಗಳಲ್ಲಿ ಡ್ರಿಪ್ ಕೊಡುವ ಬಾಟಲಿಗೆ ಕೆಂಪು ಬಣ್ಣದ ನೀರು ತುಂಬಿ ಸುಮಾರು ನಾಲ್ಕೂವರೆ ಅಡಿ ಎತ್ತರಕ್ಕೆ ತೂಗುಹಾಕಿದರೆ, ಕೊಳವೆಯಲ್ಲಿ ಹೆಚ್ಚುಕಡಿಮೆ 100 ಮಿಲಿಮೀಟರ್ ಪಾದರಸದಷ್ಟು ಒತ್ತಡ ಬರುತ್ತದೆ. ನಮ್ಮ ಅಪಧಮನಿಗಳಲ್ಲಿರುವ ಒತ್ತಡ ಆ ಆಸುಪಾಸಿನದೇ. ಹಿಡಿಕೆ ಬಿಚ್ಚಿದ ಕೂಡಲೇ ಬೇಸಿನ್ನಿನಲ್ಲಿ ಕೆಂಪು ನೀರು ನಿಂತರೆ ಹೊಲಿಗೆ ಸೋಲು, ನಿಲ್ಲದಿದ್ದರೆ ಗೆಲುವು. ಸೋತವನು ಕೊಳವೆಯನ್ನು ಒಂದಂಗುಲ ಕತ್ತರಿಸಿ ಮತ್ತೆ ಶುರುಮಾಡಬಹುದು. ರೋಗಿಯಲ್ಲಿ ಇಲ್ಲದ ಸೌಕರ್ಯ ಇದೊಂದೇ, ಆದರೆ ಕಲಿಕೆಗೆ ಇದೇ ಸರ್ವಸ್ವ.

ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದವರೂ ಇದ್ದಾರೆ. ಅಂಟುಗಳಲ್ಲಿ ಬಳಕೆಯಾಗುವ ಪಾಲಿವಿನೈಲ್ ಆಲ್ಕೊಹಾಲ್ ಎಂಬ ವಸ್ತುವನ್ನು ನೀರಿನಲ್ಲಿ ಕರಗಿಸಿ, ಹೆಪ್ಪುಗಟ್ಟಿಸಿ, ಕರಗಿಸಿ, ಮತ್ತೆ ಹೆಪ್ಪುಗಟ್ಟಿಸಿದರೆ ಮಾಂಸದಂತಹ ಮುದ್ದೆಯಾಗುತ್ತದೆ. ಎಷ್ಟು ಸಲ ಹಾಗೆ ಮಾಡುತ್ತೇವೋ ಅಷ್ಟು ಗಟ್ಟಿ. ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ನಿಜವಾದ ರೋಗಿಗಳ ಸ್ಕ್ಯಾನ್ ಚಿತ್ರಗಳಿಂದ ಅಚ್ಚು ತಯಾರಿಸಿ, ಈ ವಸ್ತುವನ್ನು ಎರೆದು, ಕತ್ತರಿಸಿದರೆ ಬಣ್ಣದ ನೀರು ಸುರಿಸುವ ಮೂತ್ರಪಿಂಡಗಳನ್ನು ಮಾಡಿದ್ದಾರೆ.

ಆದರೆ ಅಗ್ಗದ ಮಾದರಿಯಲ್ಲಿ ಕಲಿತದ್ದು ನಿಜಕ್ಕೂ ಕೈಗೆ ಹತ್ತುತ್ತದೆಯೇ? 1999ರಲ್ಲಿ ಕೆನಡಾದ ಟೊರಾಂಟೊದಲ್ಲಿ ಇದನ್ನು ಪರೀಕ್ಷಿಸಿದರು. ಹೊಸ ಶಸ್ತ್ರವೈದ್ಯರಲ್ಲಿ ಕೆಲವರು ಪುಸ್ತಕ ಓದಿ, ಕೆಲವರು ಮೇಜಿನ ಮೇಲಿನ ಸರಳ ಮಾದರಿಗಳಲ್ಲಿ, ಕೆಲವರು ಶವಗಳ ಮೇಲೆ ಕಲಿತರು. ಪರೀಕ್ಷೆಯಲ್ಲಿ ಮಾದರಿಯವರು ಶವದ ಮೇಲೆ ಕಲಿತವರಿಗೆ ಸಾಟಿಯಾದರು. ಓದಿ ಕಲಿತವರು ಹಿಂದೆ ಬಿದ್ದರು. ಯೋಗ್ಯಾಸೂತ್ರೀಯದ ತೀರ್ಪಿಗೆ ಅಂಕಿಗಳ ಮುದ್ರೆ ಬಿದ್ದಂತಾಯಿತು.

ಆಡಿನ ಕಣ್ಣು, ಅಣ್ಣಾವ್ರ ಕಣ್ಣು

ಕಸಿಯ ಬೇರೊಂದು ಕವಲು ಕಣ್ಣಿನದು. 1905ರ ಡಿಸೆಂಬರ್‌ನಲ್ಲಿ ಎಡುವರ್ಡ್ ಜಿರ್ಮ್ ಇಂದಿನ ಚೆಕ್ ದೇಶದ ಓಲೊಮೊತ್ಸ್ ಪಟ್ಟಣದಲ್ಲಿ ಕಾರ್ನಿಯಾ ಕಸಿಯನ್ನು ಯಶಸ್ವಿಯಾಗಿ ಮಾಡಿದಾಗ ಅಂಗಾಂಶ ಕಸಿಗೆ ಹೊಸ ಬಾಗಿಲು ತೆರೆಯಿತು. ಕಾರ್ನಿಯಾ ಎಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪಟಲ. ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅದನ್ನು ಹೊಲಿಯುವ ದಾರ ತಲೆಗೂದಲಿಗಿಂತ ತೆಳು. ಇದರ ಮೊದಲ ಪಾಠಗಳು ಇಂದಿಗೂ ನಮ್ಮ ದೇಶದ ಹಲವೆಡೆ ಆಡಿನ ಕಣ್ಣಿನ ಮೇಲೆ ನಡೆಯುತ್ತವೆ. ಕಸಾಯಿ ಅಂಗಡಿಯಿಂದ ತಂದ ಕಣ್ಣನ್ನು ಬಟ್ಟಲಿನಂತಹ ಹಿಡಿಕೆಯಲ್ಲಿ ಕೂರಿಸಿ, ಪಟಲವನ್ನು ಕತ್ತರಿಸಿ ಮತ್ತೆ ಹೊಲಿಯುತ್ತಾರೆ.

2006ರಲ್ಲಿ ಡಾ. ರಾಜಕುಮಾರ್ ನಿಧನರಾದಾಗ ಅವರ ಕಣ್ಣುಗಳು ದಾನವಾದುದು ಕನ್ನಡಿಗರಿಗೆಲ್ಲ ತಿಳಿದ ಸಂಗತಿ. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜಕುಮಾರ್ ತೀರಿಕೊಂಡಾಗ ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಅರ್ಧ ಮಿಲಿಮೀಟರಿನ ಪಟಲವನ್ನು ಮುಂದಿನ ಪದರ, ಹಿಂದಿನ ಪದರ ಎಂದು ಎರಡಾಗಿ ಬಿಡಿಸಿ, ಯಾರಿಗೆ ಯಾವುದು ಕೆಟ್ಟಿದೆಯೋ ಅದನ್ನು ಮಾತ್ರ ಕೊಟ್ಟದ್ದರಿಂದ ಇದು ಸಾಧ್ಯವಾಯಿತು. ಎರಡು ದಾನವನ್ನು ನಾಲ್ಕಾಗಿಸಿದ್ದು ಕೈಚಳಕ. ಇಂಥ ಕೈಚಳಕ ಒಂದು ದಿನಕ್ಕೆ ಬರುವುದಿಲ್ಲ, ನೇರವಾಗಿ ಮನುಷ್ಯರ ಕಣ್ಣಿನ ಮೇಲೆ ಬರಲೂ ಬಾರದು.

ಮಾದರಿ ಕಲಿಸದ ಪಾಠ

ಇಷ್ಟಾದರೂ ಮಾದರಿಯ ಮಿತಿಯನ್ನು ಮರೆಯಬಾರದು. ಬೇಸಿನ್ನು ಬೆವರುವುದಿಲ್ಲ, ಅದರ ರಕ್ತದೊತ್ತಡ ಇದ್ದಕ್ಕಿದ್ದಂತೆ ಕುಸಿಯುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಸುಣ್ಣಗಟ್ಟಿದ ನಾಳ ಸೂಜಿಯ ಕೆಳಗೆ ಹೇಗೆ ಮುರಿಯುತ್ತದೆ ಎಂಬುದನ್ನು ರಬ್ಬರ್ ಕೊಳವೆ ಹೇಳದು. ಹೊಸ ಅಂಗವನ್ನು ದೇಹ ತಿರಸ್ಕರಿಸಿದರೆ ಏನು ಮಾಡಬೇಕು, ಯಾವಾಗ ಕೈ ನಿಲ್ಲಿಸಬೇಕು ಎಂಬ ವಿವೇಕ ಹಿರಿಯರ ಪಕ್ಕದಲ್ಲಿ ನಿಂತೇ ಬರಬೇಕು. ತಿದ್ದುವವರಿಲ್ಲದ ಅಭ್ಯಾಸದಿಂದ ಇನ್ನೊಂದು ಅಪಾಯವಿದೆ: ತಪ್ಪು ಹೊಲಿಗೆಯೂ ಕೈಗೆ ರೂಢಿಯಾಗಿಬಿಡುತ್ತದೆ.

ಮಾದರಿ ಮಾಡುವುದು ಇಷ್ಟೆ: ಗುರುವಿನ ಬಳಿಗೆ ಬರುವ ಹೊತ್ತಿಗೆ ಶಿಷ್ಯನ ಬೆರಳುಗಳಿಗೆ ಅಕ್ಷರಾಭ್ಯಾಸ ಆಗಿರುತ್ತದೆ. ಗಂಟು ಹಾಕುವುದು ಹೇಗೆಂದು ಯೋಚಿಸಬೇಕಾಗಿಲ್ಲದವನು ರೋಗಿಯ ಬಗ್ಗೆ ಯೋಚಿಸಬಲ್ಲ. ಇದಕ್ಕೆ ದೊಡ್ಡ ನಗರದ ದೊಡ್ಡ ಆಸ್ಪತ್ರೆಯೇ ಆಗಬೇಕೆಂದಿಲ್ಲ. ಒಂದು ಬೇಸಿನ್ನು, ನಾಲ್ಕು ಕೊಳವೆ, ಹಳೆಯ ಕೈಗವಸು, ತಿದ್ದಲು ಒಬ್ಬ ಹಿರಿಯರು ಇದ್ದರೆ ಜಿಲ್ಲಾ ಕೇಂದ್ರದ ವೈದ್ಯಕೀಯ ಕಾಲೇಜಿನಲ್ಲೂ ಪಾಠ ಆರಂಭವಾಗಬಹುದು. ಅಡ್ಡಿಯಾಗಿರುವುದು ಹಣಕ್ಕಿಂತ ಹೆಚ್ಚಾಗಿ, ತರಕಾರಿ ಹೆಚ್ಚುವಂತಹ ಕೆಲಸದಿಂದ ವಿದ್ಯೆ ಬರುವುದೇ ಎಂಬ ತಾತ್ಸಾರ.

ಮಗನಿಗೆ ಮೂತ್ರಪಿಂಡ ಕೊಡಲು ಮಂಚದ ಮೇಲೆ ಮಲಗಿದ ತಾಯಿಗೆ ಬೇಸಿನ್ನಿನ ಬಗ್ಗೆಯಾಗಲಿ ಕೋಳಿಯ ತೊಡೆಯ ಬಗ್ಗೆಯಾಗಲಿ ತಿಳಿದಿರಬೇಕಾಗಿಲ್ಲ. ತನ್ನ ಅಂಗವನ್ನು ಮುಟ್ಟುವ ಕೈ ಮೊದಲ ತಪ್ಪುಗಳನ್ನೆಲ್ಲ ಬೇರೆಲ್ಲೋ ಮಾಡಿ ಮುಗಿಸಿ ಬಂದಿದೆ ಎಂಬ ಭರವಸೆಯಷ್ಟೇ ಅವಳಿಗೆ ಸಲ್ಲಬೇಕಾದದ್ದು.